ನಾಯಿಯ ಚರ್ಮದ ಸಣ್ಣ ಸೋಂಕು: "ಏನು ಹಚ್ಚಲಿ ಡಾಕ್ಟ್ರೇ?"

(ನಾಯಿ ಸಾಕಿದವರ ಸಭೆಯೊಂದರಲ್ಲಿ ಪಶುವೈದ್ಯರೊಬ್ಬರು ಆಡಿದ ಮಾತಿನ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಇಷ್ಟು ಜನ ಬಂದಿದ್ದೀರಿ, ಸಂತೋಷ. ನಾಯಿಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದೀರಿ, ಅದಕ್ಕೆ ಇನ್ನೂ ಸಂತೋಷ. ಇಲ್ಲದಿದ್ದರೆ ನನ್ನ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ.

ಮಳೆಗಾಲ ಬಂತು ಅಂದರೆ ನಮ್ಮಂಥವರ ಫೋನಿಗೆ ಫೋಟೋಗಳ ಸುರಿಮಳೆ. ನಾಯಿಯ ಹೊಟ್ಟೆ, ನಾಯಿಯ ತೊಡೆಸಂದು, ನಾಯಿಯ ಬಾಲದ ಬುಡ. ಅರ್ಧ ಫೋಟೋಗಳಲ್ಲಿ ಏನೂ ಕಾಣುವುದಿಲ್ಲ, ನಾಯಿ ಅಲ್ಲಾಡಿರುತ್ತದೆ. ಕೆಳಗೆ ಒಂದೇ ಪ್ರಶ್ನೆ: "ಏನು ಹಚ್ಚಲಿ ಡಾಕ್ಟ್ರೇ?" ಉತ್ತರ ಈಗಲೇ ಹೇಳಿಬಿಡುತ್ತೇನೆ. ಹಚ್ಚುವುದು ಕೊನೆಯ ಕೆಲಸ. ಎಷ್ಟೋ ಸಲ ಅದು ಬೇಕಾಗುವುದೇ ಇಲ್ಲ. ತೊಳೆಯಬೇಕು, ಒಣಗಿಸಬೇಕು, ನೆಕ್ಕದಂತೆ ನೋಡಿಕೊಳ್ಳಬೇಕು. ಸಣ್ಣ ಸೋಂಕಿಗೆ ಮನೆಯಲ್ಲಿ ಮಾಡಬೇಕಾದ್ದು ಬಹುಪಾಲು ಇಷ್ಟೇ. ಆದರೆ ಇದನ್ನು ಸರಿಯಾಗಿ ಮಾಡುವವರು ಕಡಿಮೆ, ಡಬ್ಬಿ ತೆಗೆದು ಹಚ್ಚುವವರು ಜಾಸ್ತಿ.

ಚರ್ಮದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಮೈ ತುಂಬಾ ಕೂದಲಿದೆ, ಒಳಗಿನ ಚರ್ಮವೂ ಗಟ್ಟಿ ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ನಿಜ ಉಲ್ಟಾ. ಚರ್ಮದ ಮೇಲ್ಪದರದಲ್ಲಿ ನಮಗೆ 10ರಿಂದ 15 ಸಾಲು ಜೀವಕೋಶಗಳಿದ್ದರೆ, ನಾಯಿಗೆ ಕೂದಲಿರುವ ಕಡೆ 3ರಿಂದ 5 ಸಾಲು ಅಷ್ಟೇ. ನಮ್ಮ ಚರ್ಮ ಸ್ವಲ್ಪ ಹುಳಿ, ಪಿಎಚ್ 5.5ರ ಆಸುಪಾಸು. ನಾಯಿಯದ್ದು 7ರ ಹತ್ತಿರ. ಹಾಗಾಗಿ ನಮ್ಮ ಸೋಪು, ನಮ್ಮ ಶಾಂಪೂ ಅದಕ್ಕೆ ಹೊಂದುವುದಿಲ್ಲ. "ನಾನು ಬಳಸುವುದನ್ನೇ ಹಾಕಿದ್ದೇನೆ ಸಾರ್, ಒಳ್ಳೇ ಕಂಪನಿಯದ್ದು" ಅನ್ನುತ್ತಾರೆ. ಕಂಪನಿ ಒಳ್ಳೆಯದೇ ಇರಬಹುದು, ಚರ್ಮ ಬೇರೆ ಅಲ್ವಾ?

ಸೋಂಕು ಹೊರಗಿನಿಂದ ಅಂಟಿಕೊಂಡು ಬಂತು ಅನ್ನುವುದೂ ಹೆಚ್ಚಿನ ಸಲ ತಪ್ಪು ಲೆಕ್ಕ. ನಾಯಿಯ ಚರ್ಮದಲ್ಲಿ ಕೀವು ಮಾಡುವ ಮುಖ್ಯ ಬ್ಯಾಕ್ಟೀರಿಯಾದ ಹೆಸರು ಸ್ಟ್ಯಾಫಿಲೊಕಾಕಸ್ ಸ್ಯೂಡಿಂಟರ್‌ಮೀಡಿಯಸ್. ಹೆಸರು ನೆನಪಿಡಬೇಕಿಲ್ಲ. ಅದು ಆರೋಗ್ಯವಾಗಿರುವ ನಾಯಿಯ ಮೈಮೇಲೂ ಇರುತ್ತದೆ, ಮೂಗು, ಬಾಯಿ, ಗುದದ ಸುತ್ತಲೂ ಇರುತ್ತದೆ. ಮಲಸೀಜಿಯಾ ಅನ್ನುವ ಯೀಸ್ಟ್, ಅಂದರೆ ಒಂದು ಬಗೆಯ ಫಂಗಸ್, ಕೂಡ ಹಾಗೇ, ಕಿವಿಯಲ್ಲಿ, ಬೆರಳ ಸಂದಿಯಲ್ಲಿ ಸದಾ ಸ್ವಲ್ಪ ಇದ್ದೇ ಇರುತ್ತದೆ. ಚರ್ಮ ತರಚದೆ, ಒಣಗಿ ಇರುವ ತನಕ ಇವು ತೆಪ್ಪಗಿರುತ್ತವೆ. ಚಿಗಟ ಕಚ್ಚಿತು, ನಾಯಿ ಕೆರೆಯಿತು, ಚರ್ಮ ತರಚಿತು, ಮೇಲಿಂದ ಒದ್ದೆಯಾಯಿತು ಅಂದರೆ ಅವಕ್ಕೆ ಸುಗ್ಗಿ. ಅದಕ್ಕೇ ನಾನು ಸೋಂಕಿಗಿಂತ ಮೊದಲು ಕೆರೆತದ ಬಗ್ಗೆ ಕೇಳುತ್ತೇನೆ. ಯಾವುದು ಮೊದಲು ಶುರುವಾಯಿತು? ಗುಳ್ಳೆ ಎದ್ದು ಆಮೇಲೆ ಕೆರೆಯಿತಾ, ಕೆರೆದು ಕೆರೆದು ಗುಳ್ಳೆ ಎದ್ದಿತಾ? ಮನೆಯವರು ಇದನ್ನು ಗಮನಿಸಿದ್ದರೆ ನಮ್ಮ ಅರ್ಧ ಕೆಲಸ ಆದಂತೆ.

ಮನೆಯಲ್ಲಿ ನೋಡಿಕೊಳ್ಳಬಹುದಾದ ಸೋಂಕು ಯಾವುದು? ಮುಖ್ಯವಾಗಿ ಎರಡು.

ಒಂದು, ಹಾಟ್ ಸ್ಪಾಟ್. ಬೆಳಿಗ್ಗೆ ಏನೂ ಇರಲಿಲ್ಲ, ಸಂಜೆ ಆಫೀಸಿನಿಂದ ಬಂದು ನೋಡಿದರೆ ಕೆನ್ನೆಯಲ್ಲೋ ಸೊಂಟದ ಮೇಲೋ ಕೂದಲು ಅಂಟಿಕೊಂಡು ಒದ್ದೆ ಒದ್ದೆ. ಕೂದಲು ಸರಿಸಿದರೆ ಕೆಂಪಗೆ, ಮೇಲೆ ಹಳದಿ ರಸಿಕೆ, ಒಂಥರಾ ವಾಸನೆ. ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಸಾಕಿದವರಿಗೆ ಇದು ಗೊತ್ತೇ ಇರುತ್ತದೆ. ದಟ್ಟ ಕೂದಲು, ಮಳೆಯಲ್ಲಿ ನೆಂದದ್ದು ಬುಡದ ತನಕ ಒಣಗುವುದಿಲ್ಲ. ಮಲೆನಾಡು, ಕರಾವಳಿಯ ಕಡೆಯವರಂತೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಿಸುವುದಕ್ಕೇ ಪರದಾಡುತ್ತಾರೆ, ಇನ್ನು ನಾಯಿಯ ಮಾತೇನು.

ಇದನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ.

ಮನೆಯಲ್ಲಿ ಇಬ್ಬರು ಇರಬೇಕು. ಒಬ್ಬರು ತಲೆಯ ಹತ್ತಿರ ಕೂತು ಮಾತಾಡಿಸುತ್ತಾ ಹಿಡಿದುಕೊಳ್ಳಲಿ. ಹಾಟ್ ಸ್ಪಾಟ್ ವಿಪರೀತ ನೋಯುತ್ತದೆ. ಯಾವತ್ತೂ ಗುರ್ ಅನ್ನದ ನಾಯಿಯೂ ಆವತ್ತು ಕಚ್ಚಬಹುದು. ಗುರ್ ಅಂದರೆ ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಬನ್ನಿ, ನಾವು ನೋವಿಗೆ ಔಷಧಿ ಕೊಟ್ಟು ಮಾಡುತ್ತೇವೆ. ಸುಮ್ಮನಿದ್ದರೆ ಗಾಯದ ಸುತ್ತಲ ಕೂದಲನ್ನು ಟ್ರಿಮ್ಮರ್‌ನಿಂದ ತೆಗೆಯಿರಿ. ಗಾಯದ ಅಂಚು ದಾಟಿ ಒಂದು ಬೆರಳಿನಷ್ಟು ಒಳ್ಳೆಯ ಚರ್ಮ ಕಾಣಬೇಕು. ಇದು ಮುಖ್ಯ, ಏಕೆಂದರೆ ಕೂದಲಿನ ಕೆಳಗೆ ಗಾಯ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದಿರುತ್ತದೆ. ಟ್ರಿಮ್ಮರ್ ಬ್ಲೇಡ್ ಬಿಸಿಯಾಗಿದೆಯಾ ಅಂತ ಆಗಾಗ ಮಣಿಕಟ್ಟಿಗೆ ತಾಗಿಸಿ ನೋಡಿ. ಮನೆಯ ಯಜಮಾನರ ಗಡ್ಡದ ಟ್ರಿಮ್ಮರ್ ಬಳಸಿದರೆ ಹೇಳಿಬಿಡಿ, ವಾಪಸ್ ಅದೇ ಜಾಗದಲ್ಲಿ ಇಡಬೇಡಿ. ಕತ್ತರಿ ಮಾತ್ರ ಬೇಡ. ಅಂಟಿದ ಕೂದಲಿನ ಜೊತೆ ಚರ್ಮವೂ ಮೇಲೆದ್ದಿರುತ್ತದೆ. ಚರ್ಮ ಕತ್ತರಿಸಿಕೊಂಡು ಬಂದ ನಾಯಿಗಳಿಗೆ ಹೊಲಿಗೆ ಹಾಕಿ ಕಳಿಸುವುದು ನಮಗೆ ಮಾಮೂಲು.

ಆಮೇಲೆ ತೊಳೆಯುವುದು. ಅರ್ಧ ಲೀಟರ್ ನೀರು ಕುದಿಸಿ, ಒಂದು ಟೀ ಚಮಚ ಉಪ್ಪು ಹಾಕಿ, ಆರಿಸಿ. ಇಲ್ಲವೇ ಪೊವಿಡೋನ್ ಅಯೋಡಿನ್ ದ್ರಾವಣದ ಒಂದು ಪಾಲಿಗೆ ಹತ್ತು ಪಾಲು ನೀರು ಸೇರಿಸಿ, ತಿಳಿ ಡಿಕಾಕ್ಷನ್ ಬಣ್ಣ ಬರಬೇಕು. ಬಾಟಲಿಯಿಂದ ಸೀದಾ ಸುರಿಯಬೇಡಿ. ಹತ್ತಿ ಬೇಡ, ಎಳೆ ಗಾಯಕ್ಕೆ ಅಂಟುತ್ತದೆ. ಗಾಜ್ ಬಟ್ಟೆ ಅದ್ದಿ, ಗಾಯದ ಮೇಲೆ ಐದು ನಿಮಿಷ ಇಟ್ಟುಕೊಳ್ಳಿ. ಉಜ್ಜಬಾರದು. ಹಕ್ಕಳೆ ತಾನಾಗಿ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಹೊಸ ಗಾಜ್‌ನಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಆಮೇಲೆ ಗಾಳಿಗೆ ಬಿಡಿ. ಫ್ಯಾನ್ ಸಾಕು. ಹೇರ್ ಡ್ರೈಯರ್ ಆದರೆ ತಣ್ಣನೆಯ ಗಾಳಿ ಮಾತ್ರ. ದಿನಕ್ಕೆ ಎರಡು ಸಲ ಇಷ್ಟು ಮಾಡಿ. ಬ್ಯಾಂಡೇಜ್ ಕಟ್ಟಬೇಡಿ, ಕಟ್ಟಿದರೆ ಒಳಗೆ ಮತ್ತೆ ಒದ್ದೆ.

ಎರಡು ಮೂರು ದಿನದಲ್ಲಿ ಗಾಯ ಒಣಗಿ, ಬಣ್ಣ ಕೆಂಪಿನಿಂದ ತಿಳಿ ಗುಲಾಬಿಗೆ ತಿರುಗಬೇಕು. ಹರಡಿದರೆ, ಇನ್ನೂ ರಸಿಕೆ ಬರುತ್ತಿದ್ದರೆ, ಮನೆಯ ಆರೈಕೆ ಸಾಕಾಗಲಿಲ್ಲ ಅಂತ ಅರ್ಥ. ಇನ್ನೊಂದು ಮಾತು. ಕೆನ್ನೆಯ ಮೇಲೆ ಹಾಟ್ ಸ್ಪಾಟ್ ಆದರೆ ಆ ಬದಿಯ ಕಿವಿಯನ್ನು ಮೂಸಿ ನೋಡಿ. ಬಾಲದ ಬುಡದಲ್ಲಾದರೆ ಚಿಗಟ ಹುಡುಕಿ, ಗುದದ ಗ್ರಂಥಿ ತುಂಬಿದೆಯಾ ಅಂತ ನಮ್ಮ ಹತ್ತಿರ ತೋರಿಸಿ. ನಾಯಿ ಆ ಜಾಗವನ್ನೇ ಆರಿಸಿಕೊಂಡು ಕೆರೆದದ್ದಕ್ಕೆ ಕಾರಣ ಇರುತ್ತದೆ.

ನೆಕ್ಕುವುದರ ಬಗ್ಗೆ ಒಂದು ನಂಬಿಕೆ ಇದೆ. ನಾಯಿಯ ಜೊಲ್ಲಿನಲ್ಲಿ ಔಷಧಿ ಇದೆ, ನೆಕ್ಕಿಕೊಂಡು ವಾಸಿ ಮಾಡಿಕೊಳ್ಳುತ್ತದೆ ಅಂತ. ಜೊಲ್ಲಿನಲ್ಲಿ ಬ್ಯಾಕ್ಟೀರಿಯಾ ತಡೆಯುವ ಅಂಶ ಸ್ವಲ್ಪ ಇರುವುದು ನಿಜ. ಆದರೆ ಬ್ಯಾಕ್ಟೀರಿಯಾವೂ ಅಲ್ಲೇ ಇದೆ, ನಾಲಿಗೆ ಒರಟು, ಜೊತೆಗೆ ಜಾಗ ಸದಾ ಒದ್ದೆ. ನಾಯಿ ರಾತ್ರಿಯೆಲ್ಲ ನೆಕ್ಕಿದರೆ ನೀವು ಹಗಲು ಮಾಡಿದ ಆರೈಕೆ ನೀರುಪಾಲು. ಅದಕ್ಕೇ ಕುತ್ತಿಗೆಗೆ ಆಲಿಕೆಯಂಥ ಕೋನ್ ಹಾಕಿ. "ಪಾಪ, ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತೆ" ಅಂತ ಅರ್ಧ ಗಂಟೆಗೇ ತೆಗೆದುಬಿಡುವವರು ಇಲ್ಲಿ ಎಷ್ಟು ಜನ? ಕೈ ಎತ್ತಬೇಡಿ, ನನಗೆ ಗೊತ್ತು. ಕೋನ್ ಉದ್ದ ಮೂಗಿನ ತುದಿ ದಾಟಬೇಕು, ಕುತ್ತಿಗೆಯ ಹತ್ತಿರ ಎರಡು ಬೆರಳು ತೂರಬೇಕು. ಗಾಯ ಎದೆಯ ಮೇಲೋ ಬೆನ್ನ ಮೇಲೋ ಇದ್ದರೆ ಹಳೇ ಕಾಟನ್ ಟೀ ಶರ್ಟ್ ಆಗುತ್ತದೆ, ಒದ್ದೆಯಾದರೆ ಬದಲಾಯಿಸಬೇಕು.

ಎರಡನೆಯದು ಗುಳ್ಳೆಗಳು. ಹೊಟ್ಟೆ, ತೊಡೆಸಂದು, ಕಂಕುಳಲ್ಲಿ ಸಾಸಿವೆ ಗಾತ್ರದ ಕೆಂಪು ಗುಳ್ಳೆ, ಕೆಲವದರ ತುದಿಯಲ್ಲಿ ಹಳದಿ ಕೀವು. ಕೀವಿನ ಗುಳ್ಳೆ ಬೇಗ ಒಡೆಯುತ್ತದೆ. ಒಡೆದ ಮೇಲೆ ಉಳಿಯುವುದು ಒಂದು ಉಂಗುರ: ನಡುವೆ ಚರ್ಮ ಕೆಂಪಗೆ ಅಥವಾ ಕಪ್ಪಗೆ, ಸುತ್ತ ತೆಳ್ಳನೆಯ ಹೊಟ್ಟಿನ ಅಂಚು. ಗುಳ್ಳೆ ಕಾಣದಿದ್ದರೂ ಈ ಉಂಗುರ ಕಂಡರೆ ಚರ್ಮದ ಮೇಲ್ಮಟ್ಟದ ಸೋಂಕು ಇರಬಹುದು ಅಂತ ನಮಗೆ ಹೊಳೆಯುತ್ತದೆ. ಗಿಡ್ಡ ಕೂದಲಿನ ನಾಯಿಯಲ್ಲಿ ಅಲ್ಲಲ್ಲಿ ಹುಳು ತಿಂದ ಹಾಗೆ ಕೂದಲು ಉದುರಿರುತ್ತದೆ. ಎಳೆ ಮರಿಗಳ ಹೊಟ್ಟೆಯಲ್ಲಿ ಬರುವ ಗುಳ್ಳೆ ಮಾತ್ರ ಬಹಳ ಸಲ ಮಲಗುವ ಜಾಗ ಸ್ವಚ್ಛ ಮಾಡಿ, ಹೊಟ್ಟೆ ಒರೆಸಿದರೇ ಹೋಗುತ್ತದೆ.

ಇದಕ್ಕೆ ಕೆಲಸ ಮಾಡುವುದು ಔಷಧಿ ಶಾಂಪೂ. ನಾಯಿಗೆಂದೇ ಮಾಡಿದ, ಕ್ಲೋರ್‌ಹೆಕ್ಸಿಡಿನ್ 2ರಿಂದ 4 ಪರ್ಸೆಂಟ್ ಇರುವ ಶಾಂಪೂ. ಯೀಸ್ಟ್ ಕೂಡ ಇದ್ದರೆ ಜೊತೆಗೆ ಮೈಕೊನಜೋಲ್ ಇರುವಂಥದ್ದು. ಜಿಡ್ಡು ಮೈ, ಹುಳಿ ಹುಳಿ ವಾಸನೆ, ಬೆರಳ ಸಂದಿಯ ಕೂದಲು ಕಂದು ಬಣ್ಣಕ್ಕೆ ತಿರುಗಿದ್ದರೆ ಯೀಸ್ಟ್ ಬಗ್ಗೆ ಯೋಚಿಸಬೇಕು. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ ಸ್ನಾನ. ಗುಟ್ಟು ಇರುವುದು ಸಮಯದಲ್ಲಿ. ನೊರೆ ಚರ್ಮದ ಮೇಲೆ 10 ನಿಮಿಷ ಇರಬೇಕು. ಬಹಳ ಜನ ಹಾಕಿದ ತಕ್ಷಣ ತೊಳೆದುಬಿಟ್ಟು ಶಾಂಪೂ ಸರಿಯಿಲ್ಲ ಅನ್ನುತ್ತಾರೆ. ಮೊಬೈಲಿನಲ್ಲಿ ಟೈಮರ್ ಇಟ್ಟುಕೊಳ್ಳಿ. ಗುಳ್ಳೆ ಜಾಸ್ತಿ ಇರುವ ಕಡೆ ಮೊದಲು ಹಾಕಿ, ಉಳಿದ ಮೈಗೆ ಆಮೇಲೆ. ಕಣ್ಣಿಗೆ ತಾಗಬಾರದು, ಕಿವಿಯೊಳಗೆ ಹೋಗಬಾರದು. ನೀರು ಉಗುರು ಬೆಚ್ಚಗೆ ಸಾಕು, ಬಿಸಿ ನೀರು ಹಾಕಿದರೆ ಕೆರೆತ ಹೆಚ್ಚುತ್ತದೆ. ಕೊನೆಗೆ ಚೆನ್ನಾಗಿ ತೊಳೆದು, ಬುಡದ ತನಕ ಒಣಗಿಸಿ. ಒಂದು ವಾರಕ್ಕೆ ಗುಳ್ಳೆ ಕಡಿಮೆಯಾಯಿತು ಅಂತ ನಿಲ್ಲಿಸಬೇಡಿ. ನಾಯಿಯ ಚರ್ಮದ ಮೇಲ್ಪದರ ಪೂರ್ತಿ ಹೊಸದಾಗಲು ಸುಮಾರು ಮೂರು ವಾರ ಬೇಕು.

"ಸ್ನಾನದಿಂದ ಏನಾಗುತ್ತೆ, ಆಂಟಿಬಯಾಟಿಕ್ ಬರೆದುಕೊಡಿ" ಅನ್ನುವವರಿಗೆ ಒಂದು ಮಾಹಿತಿ. ಸಾಕುಪ್ರಾಣಿಗಳ ಸೋಂಕುರೋಗ ತಜ್ಞರ ಅಂತರರಾಷ್ಟ್ರೀಯ ಸಂಘ 2025ರಲ್ಲಿ ನಾಯಿಗಳ ಚರ್ಮದ ಸೋಂಕಿನ ಬಗ್ಗೆ ಮಾರ್ಗಸೂಚಿ ಹೊರತಂದಿತು. ಮೇಲ್ಮಟ್ಟದ ಸೋಂಕಿಗೆ ಮೊದಲ ಆಯ್ಕೆ ಶಾಂಪೂ ಮುಂತಾದ ಹೊರಗಿನ ಚಿಕಿತ್ಸೆಯೇ, ಮಾತ್ರೆ ಬೇಕಾದಾಗ ಮಾತ್ರ ಅಂತ ಅದರಲ್ಲಿದೆ. ಕಾರಣ ಸುಲಭ. ಮಾತ್ರೆಗೆ ಜಗ್ಗದ ಬ್ಯಾಕ್ಟೀರಿಯಾ ನಾಯಿಗಳಲ್ಲೂ ಹೆಚ್ಚುತ್ತಿವೆ. ಮಗುವಿಗೆ ತಂದು ಉಳಿದ ಕ್ಯಾಪ್ಸೂಲ್ ಎರಡು ದಿನ ಕೊಟ್ಟು ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಈಗ ಹಚ್ಚಬಾರದ್ದರ ವಿಷಯ. ಇಲ್ಲಿ ನಿಮಗೆ ಸ್ವಲ್ಪ ಬೇಜಾರಾಗಬಹುದು.

ಅರಿಶಿನ ಮತ್ತು ಕೊಬ್ಬರಿ ಎಣ್ಣೆ. ನಮ್ಮ ಅಜ್ಜಿಯಂದಿರ ಮೇಲೆ ನನಗೂ ಗೌರವ ಇದೆ. ಆದರೆ ರಸಿಕೆ ಬರುವ ಗಾಯಕ್ಕೆ ಎಣ್ಣೆ ಹಚ್ಚಿದರೆ ಒದ್ದೆ ಒಳಗೇ ಉಳಿಯುತ್ತದೆ. ಯೀಸ್ಟ್‌ಗೆ ಜಿಡ್ಡು ಅಂದರೆ ಇಷ್ಟ. ಅರಿಶಿನದ್ದು ಬೇರೆ ತೊಂದರೆ, ಎಲ್ಲವೂ ಹಳದಿ ಆಗುತ್ತದೆ. ಕೆಂಪು ಎಲ್ಲಿಯ ತನಕ ಇದೆ, ಕೀವು ಇದೆಯಾ, ನಿನ್ನೆಗಿಂತ ಹರಡಿದೆಯಾ ಅಂತ ನಿಮಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ.

ಡೆಟಾಲ್, ಫಿನಾಯಿಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಉರಿಯುತ್ತವೆ, ಹೊಸದಾಗಿ ಹುಟ್ಟುವ ಚರ್ಮವನ್ನೂ ಸುಡುತ್ತವೆ, ನೆಕ್ಕಿದರೆ ಇನ್ನೂ ಅಪಾಯ. ಕರ್ಪೂರ ಬೆರೆಸಿದ ಎಣ್ಣೆ, ಟೀ ಟ್ರೀ ಎಣ್ಣೆ ಕೂಡ ಬೇಡ. ಇವು ನಾಯಿಗೆ ವಿಷ, ಫಿಟ್ಸ್ ಬರಬಹುದು, ನಡೆಯಲಾಗದೆ ತೂರಾಡಬಹುದು.

ಎಲ್ಲಕ್ಕಿಂತ ಜಾಸ್ತಿ ನಾನು ಹೆದರುವುದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಆ ಸಣ್ಣ ಟ್ಯೂಬಿಗೆ. ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧಿ ಮೂರೂ ಒಂದರಲ್ಲೇ. ಹಚ್ಚಿದ ಮರುದಿನ ಕೆಂಪು ಇಳಿಯುತ್ತದೆ, ಮನೆಯವರಿಗೆ ಖುಷಿ. ಸ್ಟೀರಾಯ್ಡ್ ಕೆಂಪನ್ನು ಇಳಿಸಿತು, ರೋಗವನ್ನಲ್ಲ. ಹುಳುಕಡ್ಡಿ ಇದ್ದರೆ ಒಳಗೊಳಗೇ ಹರಡುತ್ತದೆ. ಮನುಷ್ಯರಲ್ಲೇ ಇಂಥ ಕ್ರೀಮುಗಳಿಂದ ಹುಳುಕಡ್ಡಿ ಹಟಮಾರಿಯಾಗಿ ಕೂತಿರುವುದನ್ನು ಚರ್ಮದ ಡಾಕ್ಟರುಗಳು ದಿನಾ ನೋಡುತ್ತಿದ್ದಾರೆ. ನೋವು ಅಂತ ಮನುಷ್ಯರ ಮಾತ್ರೆ ಕೊಡುವುದೂ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಆಗುತ್ತದೆ, ಕಿಡ್ನಿ ಕೆಡುತ್ತದೆ.

ಸಣ್ಣ ಸೋಂಕಿನ ಹಾಗೆ ಕಾಣುವ, ಆದರೆ ಹಾಗಲ್ಲದ ಮೂರು ವಿಷಯ ಹೇಳಿ ಮುಗಿಸುತ್ತೇನೆ.

ಹುಳುಕಡ್ಡಿ: ಗುಂಡಗೆ ಕೂದಲು ಉದುರಿ, ಬೂದಿ ಬಣ್ಣದ ಹೊಟ್ಟು. ಮಕ್ಕಳಿಗೆ ಅಂಟುತ್ತದೆ. ನಾಯಿಗೂ ಮಗುವಿನ ಕೈಗೂ ಒಟ್ಟಿಗೇ ಕಾಣಿಸಿಕೊಂಡರೆ ಇಬ್ಬರನ್ನೂ ಅವರವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕಜ್ಜಿ: ಕಿವಿಯ ಅಂಚು, ಮೊಣಕೈ ಮೇಲೆ ದಪ್ಪ ಹಕ್ಕಳೆ, ರಾತ್ರಿ ನಿದ್ದೆಯಿಲ್ಲದ ಕೆರೆತ. ಕಿವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ. ಹಿಂಗಾಲು ತಾನಾಗಿ ಕೆರೆಯುವ ಹಾಗೆ ಆಡಿದರೆ ಅನುಮಾನ ಪಡಬೇಕು. ಇದು ಹುಳದಿಂದ ಬರುವುದು, ಶಾಂಪೂಗೆ ಹೋಗುವುದಿಲ್ಲ.

ಮೂರನೆಯದಕ್ಕೆ ದಯವಿಟ್ಟು ಗಮನ ಕೊಡಿ. ಹೊಟ್ಟೆಯ ಮೇಲೆ ಗುಂಡುಸೂಜಿಯ ತಲೆಯಷ್ಟು ಕೆಂಪು ಚುಕ್ಕೆ, ಕೆರೆತ ಇಲ್ಲ. ಒಂದು ಗಾಜಿನ ಲೋಟ ತಗೊಂಡು ಅದರ ತಳವನ್ನು ಚುಕ್ಕೆಯ ಮೇಲೆ ಮೆಲ್ಲಗೆ ಒತ್ತಿ, ಗಾಜಿನ ಮೂಲಕ ನೋಡಿ. ಉರಿಯಿಂದ ಆದ ಕೆಂಪಾದರೆ ಒತ್ತಿದಾಗ ಬಿಳಿಚುತ್ತದೆ. ಒತ್ತಿದರೂ ಕೆಂಪಗೇ ಇದ್ದರೆ ಅದು ಚರ್ಮದೊಳಗೆ ಜಿನುಗಿದ ರಕ್ತ. ಉಣ್ಣಿಯಿಂದ ಬರುವ ಜ್ವರದಲ್ಲಿ, ನೀವೆಲ್ಲ ಟಿಕ್ ಫೀವರ್ ಅನ್ನುತ್ತೀರಲ್ಲ, ಪ್ಲೇಟ್‌ಲೆಟ್ ಇಳಿದಾಗ ಹೀಗಾಗುತ್ತದೆ. ಅದಕ್ಕೆ ಶಾಂಪೂ ಹಾಕುತ್ತಾ ಕೂತರೆ ನಾಯಿ ಕೈತಪ್ಪುತ್ತದೆ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಇನ್ನು ಜ್ವರ, ಊಟ ಬಿಟ್ಟದ್ದು, ಅಂಗೈಗಿಂತ ದೊಡ್ಡ ಗಾಯ, ಕಣ್ಣಿನ ಹತ್ತಿರದ ಗಾಯ, ಗಂಟು ಕಟ್ಟಿ ರಕ್ತ ಮಿಶ್ರಿತ ಕೀವು, ಹುಳು ಬಿದ್ದದ್ದು, ಇವು ಯಾವುದೂ ಮನೆಯ ಕೆಲಸ ಅಲ್ಲ. ಗಾಯಕ್ಕೆ ಒಂದು ಗಾಜಿನ ಸ್ಲೈಡ್ ಒತ್ತಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬ್ಯಾಕ್ಟೀರಿಯಾವೋ ಯೀಸ್ಟೋ ಬೇಗನೆ ಗೊತ್ತಾಗುತ್ತದೆ. ಬರುವ ಮೊದಲು ಸ್ನಾನ ಮಾಡಿಸಿ, ಪೌಡರ್ ಹಾಕಿ, ನೀಟಾಗಿ ಕರೆತರಬೇಡಿ. ನಮಗೆ ಬೇಕಾದ್ದೆಲ್ಲ ತೊಳೆದುಹೋಗಿರುತ್ತದೆ.

*

ಬೇವಿನ ಸೊಪ್ಪು ಕುದಿಸಿದ ನೀರು ಆಗುತ್ತದಾ?

ಆರಿದ ಮೇಲೆ ಒರೆಸಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಅದರಿಂದಲೇ ಸೋಂಕು ಹೋಗುತ್ತದೆ ಅಂತ ಕಾಯಬೇಡಿ. ಬೇವಿನ ಎಣ್ಣೆ ಬೇಡ, ನೆಕ್ಕಿ ವಾಂತಿ ಮಾಡಿಕೊಳ್ಳುತ್ತದೆ.

ಮೊಸರು ಹಚ್ಚಬಹುದಾ?

ನಾಯಿಯ ಮೈಗೆ ಮೊಸರು ಹಚ್ಚಿ ನೆಕ್ಕಬೇಡ ಅಂದರೆ ಹೇಗೆ ಅಮ್ಮ? ನೊಣವೂ ಬರುತ್ತದೆ. ಅನ್ನಕ್ಕೆ ಕಲಸಿ ಹಾಕಿ.

ಪ್ರತಿ ಎರಡು ತಿಂಗಳಿಗೆ ಮತ್ತೆ ಬರುತ್ತಲೇ ಇದೆ, ಶಾಂಪೂ ಬದಲಾಯಿಸಬೇಕಾ?

ಶಾಂಪೂ ಅಲ್ಲ, ಕಾರಣ ಹುಡುಕಬೇಕು. ಮೊದಲು ಚಿಗಟ. ನಾಯಿಯ ಮೈಮೇಲೆ ಕಾಣುವ ಚಿಗಟ ಒಟ್ಟು ಸಂಸಾರದಲ್ಲಿ ಸಣ್ಣ ಪಾಲು. ಮೊಟ್ಟೆ, ಮರಿ, ಗೂಡು ಎಲ್ಲ ನಿಮ್ಮ ಚಾಪೆ, ಸೋಫಾ, ನೆಲದ ಸಂದಿಯಲ್ಲಿರುತ್ತದೆ. ಹಾಸಿಗೆ ಬಿಸಿ ನೀರಿನಲ್ಲಿ ಒಗೆಯಬೇಕು, ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಔಷಧಿ ಆಗಬೇಕು. ನಾಯಿಯ ಔಷಧಿ ಬೆಕ್ಕಿಗೆ ಹಾಕಬೇಡಿ, ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕು ಸಾಯಬಹುದು. ಚಿಗಟ ಇಲ್ಲ ಅಂತ ಖಾತ್ರಿಯಾದ ಮೇಲೆ ಅಲರ್ಜಿ, ಆಹಾರ, ಥೈರಾಯ್ಡ್ ಈ ಕಡೆ ನೋಡಬೇಕು.

ಬೀದಿ ನಾಯಿಗೆ ಕಜ್ಜಿ ಇದೆ. ಗ್ಯಾರೇಜಿನವರು ಸುಟ್ಟ ಆಯಿಲ್ ಹಚ್ಚಿ ಅನ್ನುತ್ತಾರೆ.

ಬೇಡವೇ ಬೇಡ. ಸುಟ್ಟ ಆಯಿಲ್, ಸೀಮೆಎಣ್ಣೆ ಎರಡೂ ಚರ್ಮ ಸುಡುತ್ತವೆ, ನೆಕ್ಕಿದರೆ ಹೊಟ್ಟೆಗೂ ಶ್ವಾಸಕೋಶಕ್ಕೂ ಹೋಗುತ್ತದೆ. ಹಿಡಿದು ಸ್ನಾನ ಮಾಡಿಸಲಾಗದ ನಾಯಿಗೂ ಈಗ ಆಹಾರದಲ್ಲಿ ಇಟ್ಟು ಕೊಡುವ ಮಾತ್ರೆ ಇದೆ. ತೂಕ ಅಂದಾಜು ಮಾಡಿ, ಫೋಟೋ ತೆಗೆದು, ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಐವರ್‌ಮೆಕ್ಟಿನ್ ಇಂಜೆಕ್ಷನ್ ಮಾತ್ರ ನೀವೇ ತಂದು ಚುಚ್ಚಬೇಡಿ. ಕಾಲಿ (Collie) ಜಾತಿಯ ನಾಯಿಗಳಿಗೆ, ಅವುಗಳ ಬೆರಕೆಗೆ ಅದು ಪ್ರಾಣಕ್ಕೇ ಬರಬಹುದು.

ಹಾಟ್ ಸ್ಪಾಟ್ ವಾಸಿಯಾಯಿತು, ಬೋಳಿಸಿದ ಜಾಗದಲ್ಲಿ ಕೂದಲು ಬರುತ್ತಿಲ್ಲ.

ಯಾವ ನಾಯಿ? ಪೊಮೇರಿಯನ್ನಾ? ಹಾಗಾದರೆ ಕಾಯಬೇಕು. ಪೊಮೇರಿಯನ್, ಹಸ್ಕಿ, ಚೌ ಚೌ ಇಂಥ ನಾಯಿಗಳಲ್ಲಿ ಬೋಳಿಸಿದ ಕೂದಲು ಬರಲು ತಿಂಗಳುಗಟ್ಟಲೆ ಹಿಡಿಯಬಹುದು, ಒಂದು ವರ್ಷವೂ ಆಗಬಹುದು. ಚರ್ಮ ನುಣ್ಣಗಿದೆ, ಕೆರೆತ ಇಲ್ಲ ಅಂದರೆ ಸೋಂಕು ಉಳಿದಿಲ್ಲ. ಅದಕ್ಕೂ ಏನು ಹಚ್ಚಲಿ ಅಂತ ಮಾತ್ರ ಕೇಳಬೇಡಿ.